ಅಮ್ಮನ ಅಂಗಾಲು ಉರಿ ಶುಗರಿನದೋ, ಶುಗರ್ ಮಾತ್ರೆಯದೋ?

ಪ್ರಶ್ನೆ: ನನ್ನ ಅಮ್ಮನಿಗೆ 63 ವರ್ಷ. 9 ವರ್ಷದಿಂದ ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್ 1000 ಮಿ.ಗ್ರಾಂ. ಬೆಳಿಗ್ಗೆ, ರಾತ್ರಿ ತೆಗೆದುಕೊಳ್ಳುತ್ತಾರೆ. ಬಿಪಿಗೆ ಟೆಲ್ಮಿಸಾರ್ಟನ್ ಮತ್ತು ಹೈಡ್ರೋಕ್ಲೋರೋಥಯಾಜೈಡ್ ಸೇರಿದ ಮಾತ್ರೆ ಇದೆ. 6 ವರ್ಷದ ಹಿಂದೆ ಮಂಡಿನೋವಿನ ಮಾತ್ರೆ ಜೊತೆ ಬರೆದುಕೊಟ್ಟ ಗ್ಯಾಸ್ ಮಾತ್ರೆ ಪ್ಯಾಂಟೊಪ್ರಜೋಲ್ ಈಗಲೂ ದಿನಾ ಬೆಳಿಗ್ಗೆ ನಡೆದಿದೆ. ನಾವು ಸಸ್ಯಾಹಾರಿಗಳು. ಒಂದು ವರ್ಷದಿಂದ ಅಮ್ಮನಿಗೆ ಅಂಗಾಲು ಉರಿ, ಜೋಮು, ರಾತ್ರಿ ಮೀನಖಂಡ ಹಿಡಿಯುವುದು, ವಿಪರೀತ ಸುಸ್ತು. ಶುಗರ್‌ನಿಂದ ನರ ವೀಕ್ ಆಗಿದೆ ಎಂದು ಇನ್ನೊಂದು ಮಾತ್ರೆ ಸೇರಿಸಿದ್ದಾರೆ. ಮೊನ್ನೆ ಪರಿಚಯದವರೊಬ್ಬರು, ‘ಇಷ್ಟು ಮಾತ್ರೆ ತಿಂದರೆ ಮೈಯಲ್ಲಿರೋ ವಿಟಮಿನ್ ಎಲ್ಲ ಖಾಲಿಯಾಗುತ್ತೆ, ನಿಲ್ಲಿಸಿಬಿಡಿ’ ಅಂದರು. ಅಮ್ಮ ಎರಡು ದಿನ ಎಲ್ಲವನ್ನೂ ನಿಲ್ಲಿಸಿಯೂ ಬಿಟ್ಟಿದ್ದರು. ಮಾತ್ರೆಯಿಂದ ವಿಟಮಿನ್ ಕಡಿಮೆಯಾಗುವುದು ನಿಜವೇ? ನಾವೇನು ಮಾಡಬೇಕು?

ಉತ್ತರ: ಮೊದಲು ಅಮ್ಮನಿಗೆ ಇಷ್ಟು ಹೇಳಿ. ಇವತ್ತು ರಾತ್ರಿಯ ಮೆಟ್‌ಫಾರ್ಮಿನ್ ತಪ್ಪಿಸಬಾರದು, ನಾಳೆ ಬೆಳಗಿನ ಬಿಪಿ ಮಾತ್ರೆಯನ್ನೂ ತಪ್ಪಿಸಬಾರದು. ನಿಮ್ಮ ಪರಿಚಯದವರ ಮಾತಿನಲ್ಲಿ ಅರ್ಧ ನಿಜ ಇದೆ. ಉಳಿದ ಅರ್ಧ ಅಪಾಯದ್ದು. ಕೆಲವು ಮಾತ್ರೆಗಳನ್ನು ವರ್ಷಗಟ್ಟಲೆ ತೆಗೆದುಕೊಂಡರೆ ಮೈಯಲ್ಲಿ ಕೆಲವು ಪೋಷಕಾಂಶಗಳು ಇಳಿಯುತ್ತವೆ, ಸರಿ. ಆದರೆ ‘ಎಲ್ಲ ವಿಟಮಿನ್’ ಖಾಲಿಯಾಗುವುದಿಲ್ಲ. ಯಾವ ಮಾತ್ರೆ ಯಾವುದನ್ನು ಇಳಿಸುತ್ತದೆ ಎನ್ನುವುದು ವೈದ್ಯರಿಗೆ ಗೊತ್ತಿರುವ ಸಂಗತಿ. ಅದನ್ನು ಅಳೆಯಲು ಪರೀಕ್ಷೆ ಇದೆ, ತುಂಬಿಕೊಡಲು ದಾರಿ ಇದೆ. ಅದಕ್ಕಾಗಿ ಮಾತ್ರೆಯನ್ನೇ ಬಿಡಬೇಕಾಗಿ ಬರುವುದು ಅಪರೂಪ.

ನಿಮ್ಮ ಪತ್ರ ಓದುವಾಗ ನನ್ನ ಕಣ್ಣು ಹೋಗಿ ನಿಂತದ್ದು ಮೂರು ಕಡೆ: 9 ವರ್ಷದ ಮೆಟ್‌ಫಾರ್ಮಿನ್, 6 ವರ್ಷದ ಪ್ಯಾಂಟೊಪ್ರಜೋಲ್, ಸಸ್ಯಾಹಾರ. ಮೂರೂ ಒಂದೇ ಕಡೆ ಬೆರಳು ತೋರಿಸುತ್ತವೆ. ಅದು ನರ, ರಕ್ತ ಎರಡಕ್ಕೂ ಬೇಕಾದ ಬಿ12 ವಿಟಮಿನ್. ಅಮ್ಮನ ಬಿ12 ಯಾವತ್ತಾದರೂ ಪರೀಕ್ಷೆ ಮಾಡಿಸಿದ್ದೀರಾ ಎಂದು ನೀವು ಬರೆದಿಲ್ಲ. ಮಾಡಿಸಿರಲಿಕ್ಕಿಲ್ಲ ಎಂದುಕೊಂಡೇ ಮುಂದಿನದನ್ನು ಹೇಳುತ್ತೇನೆ.

ಬೇರೆ ವಿಟಮಿನ್‌ಗಳಂತೆ ಬಿ12 ಸಲೀಸಾಗಿ ರಕ್ತ ಸೇರುವುದಿಲ್ಲ. ಹಾಲು, ಮೊಟ್ಟೆ, ಮೀನು, ಮಾಂಸದಲ್ಲಿ ಅದು ಪ್ರೋಟೀನಿಗೆ ಅಂಟಿಕೊಂಡಿರುತ್ತದೆ. ಜಠರದ ಆಮ್ಲ ಮೊದಲು ಅದನ್ನು ಬಿಡಿಸಬೇಕು. ಆಮೇಲೆ ಜಠರದ ಗೋಡೆಯಲ್ಲೇ ತಯಾರಾಗುವ ಇಂಟ್ರಿನ್ಸಿಕ್ ಫ್ಯಾಕ್ಟರ್ ಎಂಬ ಪ್ರೋಟೀನು ಅದರ ಕೈಹಿಡಿದು ಸಣ್ಣ ಕರುಳಿನ ಕಟ್ಟಕಡೆಯವರೆಗೆ ಕರೆದೊಯ್ಯಬೇಕು. ಅಲ್ಲಿ ಮಾತ್ರ ಅದನ್ನು ಒಳಗೆ ಬಿಟ್ಟುಕೊಳ್ಳುವ ಬಾಗಿಲು ಇದೆ, ಆ ಬಾಗಿಲು ತೆರೆಯಲು ಕ್ಯಾಲ್ಸಿಯಂ ಬೇಕು. ನಿಮ್ಮ ಅಮ್ಮನ ವಿಷಯದಲ್ಲಿ ಏನಾಗಿದೆ ನೋಡಿ. ಸಸ್ಯಾಹಾರದಿಂದಾಗಿ ತಟ್ಟೆಯಲ್ಲೇ ಬಿ12 ಕಡಿಮೆ. ಪ್ಯಾಂಟೊಪ್ರಜೋಲ್ ಆಮ್ಲವನ್ನು ತಗ್ಗಿಸಿರುವುದರಿಂದ ಹಾಲು ಮೊಸರಿನಲ್ಲಿ ಬಂದಷ್ಟೂ ಪೂರ್ತಿ ಬಿಡಿಸಿಕೊಳ್ಳುವುದಿಲ್ಲ. ಕಡೆಯ ಬಾಗಿಲಲ್ಲಿ ಕ್ಯಾಲ್ಸಿಯಂ ಮಾಡುವ ಕೆಲಸಕ್ಕೆ ಮೆಟ್‌ಫಾರ್ಮಿನ್ ಅಡ್ಡಿಯಾಗುತ್ತದೆ ಎಂಬುದು ಹೆಚ್ಚಿನವರು ಒಪ್ಪುವ ವಿವರಣೆ. ದಾರಿಯುದ್ದಕ್ಕೂ ಮೂರು ಕಡೆ ತಡೆ.

ಹೀಗಿದ್ದರೂ ಕೊರತೆ ಕಾಣಿಸಿಕೊಳ್ಳಲು ವರ್ಷಗಳೇ ಬೇಕು. ಆರೋಗ್ಯವಂತರ ಮೈಯಲ್ಲಿ, ಹೆಚ್ಚಾಗಿ ಯಕೃತ್ತಿನಲ್ಲಿ, 2ರಿಂದ 5 ಮಿಲಿಗ್ರಾಂ ಬಿ12 ದಾಸ್ತಾನಿರುತ್ತದೆ. ದಿನದ ಖರ್ಚು 2 ಮೈಕ್ರೋಗ್ರಾಂ ಆಸುಪಾಸು, ಅಂದರೆ ಒಂದು ಮಿಲಿಗ್ರಾಮಿನ ಸಾವಿರ ಭಾಗದಲ್ಲಿ ಎರಡು ಭಾಗದಷ್ಟು. ಆದ್ದರಿಂದ ಹೊಸದು ಬಾರದಿದ್ದರೂ ಕೂಡಿಟ್ಟದ್ದು ವರ್ಷಗಟ್ಟಲೆ ನಡೆಸುತ್ತದೆ. ಆದರೆ ಚಿಕ್ಕಂದಿನಿಂದ ಸಸ್ಯಾಹಾರಿಗಳಾಗಿ, ದಿನಕ್ಕೊಂದು ಲೋಟ ಮಜ್ಜಿಗೆಯಲ್ಲೇ ಬೆಳೆದವರ ಕಣಜ ಮೊದಲೇ ಅರ್ಧ ಖಾಲಿ. ಅವರಿಗೆ ಮೆಟ್‌ಫಾರ್ಮಿನ್ ಶುರುವಾದರೆ ತಳ ಬೇಗ ಕಾಣುತ್ತದೆ. ಮಾಂಸಾಹಾರಿಗಳ ದೇಶಗಳಲ್ಲಿ ನಡೆದ ಅಧ್ಯಯನಗಳ ಅಂಕಿಗಳನ್ನು ನಮ್ಮವರಿಗೆ ಹಾಗೇ ಹಚ್ಚಬಾರದು ಎಂದು ನಾನು ಹೇಳುವುದು ಇದಕ್ಕೇ.

ಆ ಅಧ್ಯಯನಗಳೂ ಸಣ್ಣವಲ್ಲ. 2010ರಲ್ಲಿ ನೆದರ್ಲೆಂಡ್ಸ್‌ನಿಂದ ಬಂದ ಒಂದು ಪ್ರಯೋಗದಲ್ಲಿ ಇನ್ಸುಲಿನ್ ತೆಗೆದುಕೊಳ್ಳುತ್ತಿದ್ದ 390 ಮಂದಿ ಡಯಾಬಿಟಿಸ್ ರೋಗಿಗಳಲ್ಲಿ ಅರ್ಧದಷ್ಟು ಜನರಿಗೆ ಮೆಟ್‌ಫಾರ್ಮಿನ್, ಉಳಿದವರಿಗೆ ಅದರಂತೆಯೇ ಕಾಣುವ ಸಪ್ಪೆ ಮಾತ್ರೆ ಕೊಟ್ಟು 4 ವರ್ಷಕ್ಕೂ ಹೆಚ್ಚು ಕಾಲ ಗಮನಿಸಿದರು. ಮೆಟ್‌ಫಾರ್ಮಿನ್ ಗುಂಪಿನಲ್ಲಿ ಬಿ12 ಮಟ್ಟ ಇನ್ನೊಂದು ಗುಂಪಿಗಿಂತ ಶೇ. 19ರಷ್ಟು ಇಳಿದಿತ್ತು, ಕಾಲ ಕಳೆದಂತೆ ಇಳಿತ ಹೆಚ್ಚುತ್ತ ಹೋಗಿತ್ತು. 2022ರಲ್ಲಿ ಬ್ರಿಟನ್ನಿನ ಔಷಧ ನಿಯಂತ್ರಣ ಸಂಸ್ಥೆ, ಮೆಟ್‌ಫಾರ್ಮಿನ್‌ಗೆ ಬಿ12 ಕೊರತೆ ಒಂದು ಸಾಮಾನ್ಯ ಅಡ್ಡಪರಿಣಾಮ, 10ರಲ್ಲಿ ಒಬ್ಬರವರೆಗೂ ಬರಬಹುದು ಎಂದು ವೈದ್ಯರಿಗೆ ತಿಳಿಸಿತು. ಡೋಸು ಹೆಚ್ಚಿದಷ್ಟೂ, ವರ್ಷ ಹೆಚ್ಚಿದಷ್ಟೂ ಅಪಾಯ ಹೆಚ್ಚು ಎಂದೂ ಹೇಳಿತು. ನಿಮ್ಮ ಅಮ್ಮನದು ದಿನಕ್ಕೆ 2 ಗ್ರಾಂ, 9 ವರ್ಷ. ಎರಡೂ ಲೆಕ್ಕದಲ್ಲಿ ಅವರು ಮುಂಚೂಣಿಯಲ್ಲೇ ಇದ್ದಾರೆ.

ಹಾಗಂತ ಮೆಟ್‌ಫಾರ್ಮಿನ್ ಮೇಲೆ ಸಿಟ್ಟಾಗಬೇಡಿ. 1957ರಲ್ಲಿ ಪ್ಯಾರಿಸ್ಸಿನ ವೈದ್ಯ ಝಾನ್ ಸ್ಟರ್ನ್ ಇದನ್ನು ಡಯಾಬಿಟಿಸ್‌ಗೆ ಬಳಸಿದ ವರದಿ ಪ್ರಕಟಿಸಿದಂದಿನಿಂದ ಕೋಟ್ಯಂತರ ಜನರನ್ನು ಇದು ಕಾಪಾಡಿದೆ. ಬೆಲೆ ಕಡಿಮೆ, ಇದೊಂದನ್ನೇ ತೆಗೆದುಕೊಂಡರೆ ಶುಗರ್ ಧಡಕ್ಕನೆ ಕುಸಿಯುವ ಭಯವೂ ಕಡಿಮೆ. ಬಿ12 ಇಳಿಯಿತೆಂದು ಇಂಥ ಔಷಧ ಬಿಡುವುದಕ್ಕಿಂತ ಬಿ12 ಕೊಡುವುದು ಎಷ್ಟೋ ಸುಲಭ.

ನನ್ನನ್ನು ಬಹಳ ಕಾಡುವ ಸಂಗತಿ ಬೇರೆ ಇದೆ. ಈ ಕೊರತೆ ರೋಗದ ವೇಷದಲ್ಲೇ ಬರುತ್ತದೆ. ಸಕ್ಕರೆ ಕಾಯಿಲೆ ಕಾಲಿನ ನರಗಳನ್ನು ಕೆಡಿಸಿದರೆ ಅಂಗಾಲು ಉರಿ, ಜೋಮು, ಹತ್ತಿಯ ಮೇಲೆ ನಡೆದಂತೆ ಅನಿಸುವುದು ಬರುತ್ತದೆ. ಬಿ12 ಕಡಿಮೆಯಾದರೂ ನರದ ಮೇಲಿನ ಹೊದಿಕೆ ಸವೆದು ಅದೇ ಉರಿ, ಅದೇ ಜೋಮು. ರೋಗಿಗೆ ಶುಗರ್ ಇದೆ ಎಂದು ಮೊದಲೇ ಗೊತ್ತಿರುವುದರಿಂದ ಎಲ್ಲರೂ ಶುಗರ್ ಮೇಲೇ ಹೊರಿಸುತ್ತಾರೆ. ಸುಸ್ತು ಅಂದರೆ ವಯಸ್ಸಾಯಿತು ಅನ್ನುತ್ತಾರೆ. ಮರೆವು ಅಂದರೂ ವಯಸ್ಸು, ಮಂಕು ಅಂದರೆ ಮನೆಯ ಚಿಂತೆ. ಹೀಗೆ ಪ್ರತಿಯೊಂದಕ್ಕೂ ಒಂದು ಸಿದ್ಧ ಕಾರಣ ಸಿಕ್ಕಿಬಿಡುವುದರಿಂದ ಬಿ12 ಕಡೆ ಯಾರೂ ತಿರುಗುವುದಿಲ್ಲ.

ನಾನೇ ತಿರುಗದ ಒಂದು ಸಂದರ್ಭವನ್ನು ಮರೆಯಲಾರೆ. ನಿವೃತ್ತ ಮೇಷ್ಟರೊಬ್ಬರು ವರ್ಷಗಳ ಕಾಲ ನನ್ನ ಬಳಿಯೇ ಶುಗರ್‌ಗೆ ತೋರಿಸುತ್ತಿದ್ದರು. ಕಾಲು ಉರಿ ಅಂದಾಗ ನೋವಿನ ಮಾತ್ರೆ ಬರೆದೆ. ಕಡಿಮೆಯಾಗಲಿಲ್ಲ ಅಂದಾಗ ಡೋಸು ಏರಿಸಿದೆ. ಒಂದು ದಿನ ಅವರ ಹೆಂಡತಿ ಜೊತೆಗೆ ಬಂದಿದ್ದರು. ‘ಇವರು ಮುಖಕ್ಕೆ ಸೋಪು ಹಚ್ಚಿಕೊಂಡು ಕಣ್ಣು ಮುಚ್ಚಿದರೆ ವಾಲಿಬಿಡ್ತಾರೆ ಡಾಕ್ಟ್ರೇ, ಒಂದು ಕೈಲಿ ನಲ್ಲಿ ಹಿಡಿದುಕೊಂಡೇ ಮುಖ ತೊಳೀತಾರೆ. ಚಪ್ಪಲಿ ಕಳಚಿ ಬಿದ್ದರೂ ಗೊತ್ತಾಗಲ್ಲ’ ಅಂದರು. ಆ ಒಂದು ಮಾತಿನಲ್ಲಿ ಇಡೀ ರೋಗವಿತ್ತು. ಕಾಲು ಎಲ್ಲಿದೆ ಎಂಬ ಸುದ್ದಿ ಬೆನ್ನುಹುರಿಯ ಹಿಂಭಾಗದಲ್ಲಿ ಮೆದುಳಿಗೆ ಹೋಗುತ್ತದೆ, ಬಿ12 ಕೊರತೆ ಆ ದಾರಿಯನ್ನೇ ಹಿಡಿಯುತ್ತದೆ. ಕಣ್ಣು ತೆರೆದಿರುವಾಗ ನೋಟದ ಆಸರೆಯಿಂದ ನಿಲ್ಲುವವರು ಕಣ್ಣು ಮುಚ್ಚಿದೊಡನೆ ತೂರಾಡುತ್ತಾರೆ. ಅವರ ಬಿ12 ತೀರಾ ಕೆಳಗಿತ್ತು. ಇಂಜೆಕ್ಷನ್ ಶುರುವಾದ ಮೇಲೆ ಉರಿ ತಗ್ಗಿತು, ಸುಸ್ತು ಹೋಯಿತು, ಆದರೆ ನಡಿಗೆ ಪೂರ್ತಿ ಮೊದಲಿನಂತಾಗಲಿಲ್ಲ. ಒಂದೆರಡು ವರ್ಷ ಮುಂಚೆ ಪರೀಕ್ಷೆ ಬರೆದಿದ್ದರೆ ಆಗುತ್ತಿತ್ತೇನೋ ಎಂದು ಇವತ್ತಿಗೂ ಅನಿಸುತ್ತದೆ. ನಿಮ್ಮ ಪತ್ರಕ್ಕೆ ಇಷ್ಟು ಉದ್ದ ಉತ್ತರ ಬರೆಯಲು ಅದೂ ಒಂದು ಕಾರಣ.

ಅಮ್ಮನನ್ನೂ ಕೇಳಿ ನೋಡಿ. ಕತ್ತಲಲ್ಲಿ ನಡೆಯುವಾಗ ಗೋಡೆ ಹಿಡಿಯುತ್ತಾರಾ? ಬಚ್ಚಲಲ್ಲಿ ತಲೆಗೆ ನೀರು ಹಾಕಿಕೊಳ್ಳುವಾಗ ವಾಲುತ್ತದಾ? ನಾಲಿಗೆ ಕೆಂಪಾಗಿ ನುಣುಪಾಗಿ, ಖಾರ ತಾಗಿದರೆ ಉರಿಯುತ್ತದಾ? ಇವು ಇದ್ದರೆ ವೈದ್ಯರಿಗೆ ತಪ್ಪದೆ ಹೇಳಿ.

ಇನ್ನು ಪರೀಕ್ಷೆಗಳು. ರಕ್ತದ ಬಿ12 ಮಾಡಿಸಿ. ಸಾಮಾನ್ಯವಾಗಿ ಪ್ರತಿ ಮಿಲಿಲೀಟರಿಗೆ 200 ಪಿಕೋಗ್ರಾಂಗಿಂತ ಕೆಳಗಿದ್ದರೆ ಕೊರತೆ ಎನ್ನುತ್ತೇವೆ. 200ರಿಂದ 300 ಅನುಮಾನದ ಸೀಮೆ. ರಿಪೋರ್ಟಿನಲ್ಲಿ ‘ನಾರ್ಮಲ್’ ಎಂದು ಅಚ್ಚಾಗಿದ್ದರೂ ಸಂಖ್ಯೆ 220 ಆಗಿ, ಕಾಲಲ್ಲಿ ಜೋಮೂ ಇದ್ದರೆ ನಾನಂತೂ ಚಿಕಿತ್ಸೆ ಕೊಡುತ್ತೇನೆ, ಇಲ್ಲವೇ ಬಿ12 ಕಡಿಮೆಯಾದಾಗ ರಕ್ತದಲ್ಲಿ ಏರುವ ಹೋಮೋಸಿಸ್ಟೀನ್ ಅಥವಾ ಮೀಥೈಲ್ ಮಲೋನಿಕ್ ಆಮ್ಲದ ಪರೀಕ್ಷೆ ಮಾಡಿಸಿ ಖಾತ್ರಿ ಮಾಡಿಕೊಳ್ಳುತ್ತೇನೆ. ಒಂದು ಎಚ್ಚರ: ಪರೀಕ್ಷೆಗೆ ರಕ್ತ ಕೊಡುವ ಮೊದಲೇ ಯಾರಾದರೂ ಬಿ12 ಇಂಜೆಕ್ಷನ್ ಚುಚ್ಚಿಬಿಟ್ಟರೆ ಸಂಖ್ಯೆ ಮೇಲೇರಿ ಸತ್ಯ ಮುಚ್ಚಿಹೋಗುತ್ತದೆ. ಹಾಗೇ ಕೂದಲು ಉದುರುವುದಕ್ಕೆಂದು ಬಯೋಟಿನ್ ಮಾತ್ರೆ ನುಂಗುತ್ತಿದ್ದರೆ ಅದನ್ನೂ ಲ್ಯಾಬಿನವರಿಗೆ, ವೈದ್ಯರಿಗೆ ಹೇಳಿ. ಅದು ಥೈರಾಯ್ಡ್ ಮತ್ತು ಹೃದಯದ ಕೆಲವು ಪರೀಕ್ಷೆಗಳನ್ನು ದಾರಿ ತಪ್ಪಿಸುತ್ತದೆ.

ರಕ್ತಕಣಗಳ ಲೆಕ್ಕ ಕೊಡುವ ಸಿಬಿಸಿ ಪರೀಕ್ಷೆ ಒಂದನ್ನೇ ನಂಬಬೇಡಿ. ಬಿ12 ಕೊರತೆಯಲ್ಲಿ ಕೆಂಪು ರಕ್ತಕಣ ದಪ್ಪಗಾಗುತ್ತದೆ, ಕಬ್ಬಿಣ ಕೊರತೆಯಲ್ಲಿ ಚಿಕ್ಕದಾಗುತ್ತದೆ. ಎರಡೂ ಇದ್ದರೆ ಒಂದನ್ನೊಂದು ಸರಿದೂಗಿಸಿ ಸರಾಸರಿ ಗಾತ್ರ ಸರಿಯಾಗಿಯೇ ಕಾಣುತ್ತದೆ. ನಮ್ಮ ಹೆಣ್ಣುಮಕ್ಕಳಲ್ಲಿ ಎರಡೂ ಒಟ್ಟಿಗೆ ಇರುವುದು ಸರ್ವೇಸಾಮಾನ್ಯ. ಆದ್ದರಿಂದ ಮೈಯಲ್ಲಿ ಕಬ್ಬಿಣದ ದಾಸ್ತಾನು ತೋರಿಸುವ ಫೆರಿಟಿನ್ ಪರೀಕ್ಷೆ ಕೂಡ ಮಾಡಿಸಿ. ಇನ್ನೊಂದು ವಿಷಯ ಕೆಲವು ವೈದ್ಯರ ಗಮನಕ್ಕೂ ಬರುವುದಿಲ್ಲ: ಕಬ್ಬಿಣ ಅಥವಾ ಬಿ12 ಕೊರತೆಯ ರಕ್ತಹೀನತೆಯಲ್ಲಿ ಮೂರು ತಿಂಗಳ ಶುಗರ್ ತೋರಿಸುವ ಎಚ್‌ಬಿಎ1ಸಿ ಇರುವುದಕ್ಕಿಂತ ಹೆಚ್ಚು ತೋರಿಸಬಹುದು. ಅದನ್ನೇ ನೋಡಿ ಮೆಟ್‌ಫಾರ್ಮಿನ್ ಏರಿಸಿದರೆ ಬಿ12 ಇನ್ನಷ್ಟು ಇಳಿಯುತ್ತದೆ.

ಕೊರತೆ ಖಚಿತವಾದರೆ, ಅದರಲ್ಲೂ ನರದ ತೊಂದರೆ ಇರುವಾಗ, ಶುರುವಿಗೆ ಇಂಜೆಕ್ಷನ್ ಒಳ್ಳೆಯದು: ಸಾಮಾನ್ಯವಾಗಿ 1000 ಮೈಕ್ರೋಗ್ರಾಂ, ಮೊದಲ ಕೆಲವು ವಾರ ಒತ್ತೊತ್ತಾಗಿ, ಆಮೇಲೆ ತಿಂಗಳಿಗೊಂದು. ಇಂಜೆಕ್ಷನ್ ಬೇಡ ಎನ್ನುವವರಿಗೆ ದಿನಕ್ಕೆ 1000 ಮೈಕ್ರೋಗ್ರಾಂ ಮಾತ್ರೆಯೂ ನಡೆಯುತ್ತದೆ. ಕಡೆಯ ಬಾಗಿಲು ಮುಚ್ಚಿದ್ದರೂ ದೊಡ್ಡ ಡೋಸಿನಲ್ಲಿ ಶೇ. 1ರಷ್ಟು ಹಾಗೇ ಜಿನುಗಿ ಒಳಸೇರುತ್ತದೆ. 1000ದಲ್ಲಿ ಶೇ. 1 ಅಂದರೆ 10 ಮೈಕ್ರೋಗ್ರಾಂ, ದಿನದ ಅಗತ್ಯದ ನಾಲ್ಕೈದು ಪಟ್ಟು. ಮಾತ್ರೆಯಲ್ಲಿರುವ ಬಿ12 ಪ್ರೋಟೀನಿಗೆ ಅಂಟಿಕೊಂಡಿಲ್ಲವಾದ್ದರಿಂದ ಆಮ್ಲದ ಹಂಗೂ ಇಲ್ಲ. ಆದರೆ ಅಂಗಡಿಯಲ್ಲಿ ಸಿಗುವ ಸಾದಾ ಬಿ ಕಾಂಪ್ಲೆಕ್ಸ್‌ನಲ್ಲಿ ಬಿ12 ಪ್ರಮಾಣ ಬಹಳ ಸಲ ಇದಕ್ಕೆ ಸಾಲುವುದಿಲ್ಲ, ಮಾತ್ರೆ ಪಟ್ಟಿಯ ಹಿಂಬದಿ ಓದಿ ನೋಡಿ. ಫೋಲಿಕ್ ಆಸಿಡ್ ಎಂಬ ಇನ್ನೊಂದು ಬಿ ವಿಟಮಿನ್ ಒಂದನ್ನೇ ಕೊಡುವುದು ಇನ್ನೂ ಕೆಟ್ಟದ್ದು. ಅದು ರಕ್ತವನ್ನು ಸರಿಪಡಿಸಿಬಿಡುತ್ತದೆ, ಹಿಮೋಗ್ಲೋಬಿನ್ ಏರಿತೆಂದು ಎಲ್ಲರಿಗೂ ಸಮಾಧಾನವಾಗುತ್ತದೆ, ಒಳಗೆ ನರ ಸವೆಯುವುದು ಹಾಗೇ ನಡೆದಿರುತ್ತದೆ.

ಊಟದಿಂದಲೇ ಸರಿಮಾಡಿಕೊಳ್ಳಬಹುದೇ ಎಂದು ನೀವು ಕೇಳಬಹುದು. ಅಮ್ಮನ ಸ್ಥಿತಿಯಲ್ಲಿ ಆಗುವುದಿಲ್ಲ. ಒಂದು ಲೋಟ ಹಾಲಿನಲ್ಲಿ ಹೆಚ್ಚೆಂದರೆ 1 ಮೈಕ್ರೋಗ್ರಾಂ ಆಸುಪಾಸು ಬಿ12, ಪದೇ ಪದೇ ಕಾಯಿಸಿದರೆ ಅದರಲ್ಲೂ ಒಂದಿಷ್ಟು ನಷ್ಟ. ಹಾಲು, ಮೊಸರು ಮುಂದುವರಿಯಲಿ, ಆದರೆ ಅದು ಚಿಕಿತ್ಸೆಯಲ್ಲ. ಹುದುಗು ಬಂದ ಇಡ್ಲಿ ಹಿಟ್ಟಿನಲ್ಲಿ ಬಿ12 ಸಿಗುತ್ತದೆ, ಸ್ಪಿರುಲಿನಾ ಎಂಬ ಪಾಚಿಯಲ್ಲಿ ಸಿಗುತ್ತದೆ ಎಂದು ಮೊಬೈಲಿನಲ್ಲಿ ಓಡಾಡುವ ಸಂದೇಶಗಳನ್ನು ನೆಚ್ಚಬೇಡಿ. ಸ್ಪಿರುಲಿನಾದಲ್ಲಿರುವುದು ಬಹುಪಾಲು ಬಿ12ನ ತದ್ರೂಪು, ನಮ್ಮ ಮೈಗೆ ಕೆಲಸಕ್ಕೆ ಬಾರದ್ದು.

ಈಗ ಆ ಬೆಳಗಿನ ಗ್ಯಾಸ್ ಮಾತ್ರೆ. ನಿಮ್ಮ ಪಟ್ಟಿಯಲ್ಲಿ ನಾನು ಪ್ರಶ್ನಿಸುವ ಮಾತ್ರೆ ಇದೊಂದೇ. ಮಂಡಿನೋವಿನ ಮಾತ್ರೆ ಹೊಟ್ಟೆಗೆ ಹುಣ್ಣು ಮಾಡದಿರಲಿ ಎಂದು ಜೊತೆಗೆ ಕೊಟ್ಟದ್ದು ಸರಿಯಾಗಿಯೇ ಇತ್ತು. ನೋವಿನ ಮಾತ್ರೆ ನಿಂತಿತು, ಗ್ಯಾಸ್ ಮಾತ್ರೆ ಮಾತ್ರ 6 ವರ್ಷ ಉಳಿಯಿತು. ಎಷ್ಟೋ ಮನೆಗಳಲ್ಲಿ ಕಾಫಿಗಿಂತ ಮೊದಲು ಇದನ್ನು ನುಂಗುವುದು ಹಲ್ಲುಜ್ಜಿದಷ್ಟೇ ರೂಢಿಯಾಗಿದೆ, ಚೀಟಿ ಇಲ್ಲದೆ ಅಂಗಡಿಯಲ್ಲಿ ಕೇಳಿ ತರುವವರೂ ಇದ್ದಾರೆ. ಕ್ಯಾಲಿಫೋರ್ನಿಯಾದ ಒಂದು ದೊಡ್ಡ ಆರೋಗ್ಯ ಸಂಸ್ಥೆಯ ದಾಖಲೆಗಳನ್ನು ನೋಡಿದ 2013ರ ಅಧ್ಯಯನದಲ್ಲಿ, ಇಂಥ ಮಾತ್ರೆಗಳನ್ನು 2 ವರ್ಷ ಅಥವಾ ಹೆಚ್ಚು ತೆಗೆದುಕೊಂಡವರಲ್ಲಿ ಬಿ12 ಕೊರತೆಯ ಸಾಧ್ಯತೆ ಶೇ. 65ರಷ್ಟು ಹೆಚ್ಚಿತ್ತು. ಬಿ12 ಒಂದೇ ಅಲ್ಲ. ಸೊಪ್ಪು, ಕಾಳು, ರಾಗಿಯಲ್ಲಿರುವ ಕಬ್ಬಿಣವನ್ನು ಕರಗಿಸಿ ಹೀರಿಕೊಳ್ಳುವ ರೂಪಕ್ಕೆ ತರಲು ಆಮ್ಲ ಬೇಕು, ಕ್ಯಾಲ್ಸಿಯಂ ಕಾರ್ಬೊನೇಟ್ ಮಾತ್ರೆ ಕರಗಲೂ ಬೇಕು. ಅಂಥವರಿಗೆ ಕ್ಯಾಲ್ಸಿಯಂ ಕೊಡಲೇಬೇಕಾದರೆ ಸಿಟ್ರೇಟ್ ರೂಪ ವಾಸಿ.

ಮೆಗ್ನೀಸಿಯಂ ವಿಷಯ ಇನ್ನೂ ಮುಖ್ಯ, ಏಕೆಂದರೆ ಅಮ್ಮನಿಗೆ ರಾತ್ರಿ ಮೀನಖಂಡ ಹಿಡಿಯುತ್ತಿದೆ. 2011ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ, ಈ ಜಾತಿಯ ಮಾತ್ರೆಗಳನ್ನು ದೀರ್ಘಕಾಲ, ಹೆಚ್ಚಾಗಿ ವರ್ಷ ದಾಟಿ, ತೆಗೆದುಕೊಂಡವರಲ್ಲಿ ಮೆಗ್ನೀಸಿಯಂ ಕುಸಿಯಬಹುದು ಎಂದು ಎಚ್ಚರಿಸಿತು. ಅವರು ನೋಡಿದ ಪ್ರಕರಣಗಳಲ್ಲಿ ಸುಮಾರು ಕಾಲುಭಾಗ ಮಂದಿಗೆ ಮೆಗ್ನೀಸಿಯಂ ಕೊಟ್ಟರೂ ಸಾಲದೆ ಗ್ಯಾಸ್ ಮಾತ್ರೆಯನ್ನೇ ನಿಲ್ಲಿಸಬೇಕಾಗಿತ್ತು. ಅಮ್ಮನ ಬಿಪಿ ಮಾತ್ರೆಯಲ್ಲಿರುವ ಹೈಡ್ರೋಕ್ಲೋರೋಥಯಾಜೈಡ್ ಕೂಡ ಮೂತ್ರದಲ್ಲಿ ಮೆಗ್ನೀಸಿಯಂ, ಪೊಟ್ಯಾಸಿಯಂ, ಸೋಡಿಯಂ ಹೊರಹಾಕುತ್ತದೆ. ಒಂದು ಮಾತ್ರೆ ಒಳಬರುವುದನ್ನು ತಗ್ಗಿಸುತ್ತದೆ, ಇನ್ನೊಂದು ಹೊರಹೋಗುವುದನ್ನು ಹೆಚ್ಚಿಸುತ್ತದೆ. ಮೀನಖಂಡ ಹಿಡಿಯುವುದಕ್ಕೆಲ್ಲ ಮೆಗ್ನೀಸಿಯಮ್ಮೇ ಕಾರಣವಲ್ಲ. ಆದರೂ ಇಂಥ ಜೋಡಿ ಮಾತ್ರೆ ಇರುವಾಗ ಒಮ್ಮೆ ನೋಡದೆ ಬಿಡಬಾರದು.

ಹಾಗಾದರೆ ಪ್ಯಾಂಟೊಪ್ರಜೋಲ್ ನಾಳೆಯೇ ನಿಲ್ಲಿಸೋಣವೇ? ಬೇಡ, ವೈದ್ಯರನ್ನು ಕೇಳಿ ಮೆಲ್ಲಗೆ ಇಳಿಸಿ. ಅಮ್ಮ ಹೃದಯಕ್ಕೆಂದು ಆಸ್ಪಿರಿನ್ ತೆಗೆದುಕೊಳ್ಳುತ್ತಿದ್ದರೆ, ಹಿಂದೆ ಹುಣ್ಣಿನಿಂದ ರಕ್ತ ಹೋಗಿದ್ದರೆ, ಅನ್ನನಾಳ ಕೆಟ್ಟಿದ್ದರೆ ಆ ಮಾತ್ರೆ ಇರಲೇಬೇಕು. ಅಂಥದ್ದೇನೂ ಇಲ್ಲದಿದ್ದರೆ ಮಾತ್ರ ಬಿಡುವ ಮಾತು. ಒಮ್ಮೆಲೇ ಬಿಟ್ಟರೆ ಇಷ್ಟು ದಿನ ಅದುಮಿಟ್ಟ ಆಮ್ಲ ಪುಟಿದೇಳುತ್ತದೆ. 2009ರಲ್ಲಿ ಡೆನ್ಮಾರ್ಕಿನಲ್ಲಿ ಹೊಟ್ಟೆಯ ತೊಂದರೆಯೇ ಇಲ್ಲದ 120 ಜನರಲ್ಲಿ ಅರ್ಧದಷ್ಟು ಮಂದಿಗೆ 8 ವಾರ ಇಂಥ ಮಾತ್ರೆ ಕೊಟ್ಟು ನಿಲ್ಲಿಸಿದರು. ಅವರಲ್ಲಿ ಶೇ. 44 ಮಂದಿಗೆ ಎದೆಯುರಿ, ಹುಳಿತೇಗು ಶುರುವಾಯಿತು. ಸಪ್ಪೆ ಮಾತ್ರೆ ತಿಂದವರಲ್ಲಿ ಹಾಗಾದದ್ದು ಶೇ. 15 ಮಾತ್ರ. ಎಷ್ಟೋ ಜನ ಈ ಉರಿ ಬಂದೊಡನೆ ‘ನೋಡಿ, ನನಗೆ ಈ ಮಾತ್ರೆ ಬಿಟ್ಟರೆ ಆಗೋದೇ ಇಲ್ಲ’ ಎಂದು ಮತ್ತೆ ಶುರುಮಾಡುತ್ತಾರೆ. ಡೋಸು ಅರ್ಧ ಮಾಡಿ, ಆಮೇಲೆ ದಿನ ಬಿಟ್ಟು ದಿನ ಮಾಡಿ, ರಾತ್ರಿ ಊಟ ಬೇಗ ಮುಗಿಸಿ ಕೆಲವು ವಾರ ಸಹಿಸಿದರೆ ಹೆಚ್ಚಿನವರಿಗೆ ದಾಟುತ್ತದೆ.

ಪೊಟ್ಯಾಸಿಯಂ ಹೋಗುತ್ತದೆ ಅಂದೊಡನೆ ದಿನಾ ಎರಡು ಎಳನೀರು ಕುಡಿಸೋಣ ಎಂದು ಹೊರಡಬೇಡಿ. ಅದೇ ಬಿಪಿ ಮಾತ್ರೆಯ ಇನ್ನೊಂದು ಭಾಗ, ಟೆಲ್ಮಿಸಾರ್ಟನ್, ಪೊಟ್ಯಾಸಿಯಂ ಅನ್ನು ಮೈಯಲ್ಲೇ ಉಳಿಸುತ್ತದೆ. ಎರಡೂ ಸೇರಿ ಬಹುಮಟ್ಟಿಗೆ ಸಮ ಆಗಿರುತ್ತದೆ. ಡಯಾಬಿಟಿಸ್‌ನಿಂದ ಕಿಡ್ನಿ ಸ್ವಲ್ಪ ಸೋತಿದ್ದರೆ ಎಳನೀರು, ಬಾಳೆಹಣ್ಣು, ‘ಲೋ ಸೋಡಿಯಂ’ ಉಪ್ಪು ಇವುಗಳಿಂದ ಪೊಟ್ಯಾಸಿಯಂ ಏರಿ ಹೃದಯದ ಬಡಿತಕ್ಕೇ ಅಪಾಯ ಬರಬಹುದು. ಪೊಟ್ಯಾಸಿಯಂ, ಕಿಡ್ನಿಯ ಸ್ಥಿತಿ ತೋರಿಸುವ ಕ್ರಿಯಾಟಿನಿನ್ ನೋಡಿಯೇ ಮುಂದಿನ ಮಾತು. ಹೃದಯ ಸೋತವರಿಗೆ ಕೊಡುವ ಫ್ಯೂರೋಸೆಮೈಡ್ ಥರದ ಬಲವಾದ ನೀರಿನ ಮಾತ್ರೆ ಬೇರೆ. ಅದು ಪೊಟ್ಯಾಸಿಯಂ ಜೊತೆ ಕ್ಯಾಲ್ಸಿಯಂ, ಥಯಾಮಿನ್ (ಬಿ1 ವಿಟಮಿನ್) ಕೂಡ ಹೊರಹಾಕುತ್ತದೆ.

ನಿಮ್ಮ ಮನೆಗೆ ನೇರ ಸಂಬಂಧ ಇಲ್ಲದಿದ್ದರೂ, ಓದುವ ಬೇರೆಯವರಿಗಾಗಿ ಇನ್ನು ಕೆಲವು ಮಾತ್ರೆಗಳ ವಿಷಯ ಹೇಳಬೇಕು.

ಕ್ಷಯಕ್ಕೆ ಕೊಡುವ ಐಸೋನಿಯಾಜಿಡ್ ಬಿ6 ವಿಟಮಿನ್ನನ್ನು ಕಟ್ಟಿಹಾಕುತ್ತದೆ. 1950ರ ದಶಕದಲ್ಲಿ ಈ ಔಷಧ ಬಂದ ಕೆಲವೇ ವರ್ಷಗಳಲ್ಲಿ ರೋಗಿಗಳ ಕೈಕಾಲು ಜೋಮು ಹಿಡಿದಾಗ ಇದು ಗೊತ್ತಾಯಿತು. ಆದ್ದರಿಂದಲೇ ಗರ್ಭಿಣಿಯರು, ಶುಗರ್ ಇರುವವರು, ಕುಡಿತ ಇರುವವರು, ತೀರಾ ಸೊರಗಿದವರಿಗೆ ಜೊತೆಯಲ್ಲಿ ಪಿರಿಡಾಕ್ಸಿನ್, ಅಂದರೆ ಬಿ6 ಮಾತ್ರೆ, ಕೊಡುತ್ತೇವೆ. ಇದಕ್ಕೆ ನಮ್ಮ ನೆಲದ್ದೇ ಆದ ಒಂದು ಎಳೆ ಇದೆ. ಟ್ರಿಪ್ಟೊಫ್ಯಾನ್ ಎಂಬ ಅಮೈನೊ ಆಮ್ಲದಿಂದ ಮೈ ನಯಾಸಿನ್ ಎಂಬ ಬಿ3 ವಿಟಮಿನ್ ತಯಾರಿಸಿಕೊಳ್ಳಲು ಬಿ6 ಬೇಕು. ನಯಾಸಿನ್ ಕೊರತೆಯ ಪೆಲ್ಲಾಗ್ರ ಕಾಯಿಲೆ ಜೋಳವನ್ನೇ ನೆಚ್ಚಿದ ದಖ್ಖನ್ನಿನ ಬಡವರಲ್ಲಿ ಕಾಣುತ್ತಿದ್ದುದನ್ನು ಹೈದರಾಬಾದಿನಲ್ಲಿ ಸಿ. ಗೋಪಾಲನ್ ಮತ್ತು ಸಂಗಡಿಗರು 1960ರ ಸುಮಾರಿಗೆ ವಿವರವಾಗಿ ಅಭ್ಯಸಿಸಿದರು. ರೊಟ್ಟಿ, ಖಾರದ ಮೇಲೇ ದಿನ ನೂಕುವ ಕ್ಷಯರೋಗಿಗೆ ಐಸೋನಿಯಾಜಿಡ್ ಶುರುವಾದ ಮೇಲೆ ಕೊರಳ ಸುತ್ತ, ಮುಂಗೈ ಮೇಲೆ ಬಿಸಿಲು ಬೀಳುವ ಕಡೆ ಚರ್ಮ ಕಪ್ಪಾಗಿ ಬಿರಿದರೆ, ಭೇದಿ, ಮಂಕು ಜೊತೆಗೂಡಿದರೆ ಪೆಲ್ಲಾಗ್ರ ನೆನಪಾಗಲೇಬೇಕು. ಜೋಳ ಬಿಡಬೇಕಿಲ್ಲ. ತಟ್ಟೆಗೆ ಬೇಳೆ, ಶೇಂಗಾ, ಹಾಲು, ಮೊಟ್ಟೆ ಬರಬೇಕು.

ಮೂರ್ಛೆರೋಗಕ್ಕೆ ಫೆನಿಟಾಯಿನ್, ಫೀನೋಬಾರ್ಬಿಟಾಲ್, ಕಾರ್ಬಮಜೆಪೀನ್ ವರ್ಷಗಟ್ಟಲೆ ನುಂಗುವವರಲ್ಲಿ ಯಕೃತ್ತು ವಿಟಮಿನ್ ಡಿಯನ್ನು ಬೇಗ ಬೇಗ ಒಡೆದುಹಾಕುತ್ತದೆ, ಮೂಳೆ ಸಡಿಲವಾಗುತ್ತದೆ. ಫೋಲೇಟ್ (ಫೋಲಿಕ್ ಆಸಿಡ್) ಕೂಡ ಇಳಿಯುತ್ತದೆ. ಈ ಔಷಧಗಳಲ್ಲಿರುವ ಹೆಣ್ಣುಮಕ್ಕಳು ಮಗು ಬೇಕೆಂದು ಯೋಚಿಸುವ ಹಂತದಲ್ಲೇ, ಗರ್ಭ ನಿಲ್ಲುವ ಮೊದಲೇ, ನರವೈದ್ಯರನ್ನು ಕಾಣಬೇಕು. ಫೋಲಿಕ್ ಆಸಿಡ್ ಆಗಲೇ ಶುರುವಾಗಬೇಕು, ವಾಲ್ಪ್ರೊಯೇಟ್ ಎಂಬ ಮೂರ್ಛೆ ಔಷಧ ಇದ್ದರೆ ಅದನ್ನು ಬದಲಿಸಬೇಕೇ ಎಂದು ನೋಡಬೇಕು. ತಾವಾಗಿಯೇ ಮಾತ್ರೆ ಬಿಟ್ಟು ಮೂರ್ಛೆ ತಂದುಕೊಳ್ಳುವುದು ತಾಯಿಗೂ ಮಗುವಿಗೂ ಕೇಡು. ಫೋಲಿಕ್ ಆಸಿಡ್ಡನ್ನೂ ಮನಬಂದಷ್ಟು ತೆಗೆದುಕೊಳ್ಳಬಾರದು, ಹೆಚ್ಚಾದರೆ ರಕ್ತದಲ್ಲಿ ಫೆನಿಟಾಯಿನ್ ಮಟ್ಟ ಇಳಿದು ಮೂರ್ಛೆ ಮರಳಬಹುದು.

ಕೀಲುವಾತಕ್ಕೆ ಕೊಡುವ ಮೆಥೋಟ್ರೆಕ್ಸೇಟ್ ಕೆಲಸ ಮಾಡುವುದೇ ಫೋಲೇಟ್‌ಗೆ ಅಡ್ಡಗಾಲು ಹಾಕಿ. ಆಂಧ್ರದ ಭೀಮವರಂನಲ್ಲಿ ಹುಟ್ಟಿದ ಯಲ್ಲಾಪ್ರಗಡ ಸುಬ್ಬರಾವ್ ಅಮೆರಿಕದ ಲೆಡರ್ಲೆ ಪ್ರಯೋಗಾಲಯದಲ್ಲಿ ಮುನ್ನಡೆಸಿದ ತಂಡ ಫೋಲಿಕ್ ಆಸಿಡ್ ತಯಾರಿಸಿತು, ಅದರ ವಿರೋಧಿ ಔಷಧಗಳನ್ನೂ ಅದೇ ತಂಡ ಕೊಟ್ಟಿತು ಎಂಬುದನ್ನು ನನ್ನ ವಿದ್ಯಾರ್ಥಿಗಳಿಗೆ ಹೇಳುವಾಗೆಲ್ಲ ನನಗೆ ಹೆಮ್ಮೆ. ಕೀಲುವಾತಕ್ಕೆ ಮೆಥೋಟ್ರೆಕ್ಸೇಟ್ ವಾರಕ್ಕೊಂದೇ ದಿನ. ಫೋಲಿಕ್ ಆಸಿಡ್ ಬೇರೆ ದಿನ. ಇವೆರಡು ಅದಲುಬದಲಾಗಿ ಮೆಥೋಟ್ರೆಕ್ಸೇಟನ್ನು ದಿನಾ ನುಂಗಿ ಪ್ರಾಣಕ್ಕೆ ಬಂದ ಉದಾಹರಣೆಗಳಿವೆ. ಮನೆಯಲ್ಲಿ ಯಾರಿಗಾದರೂ ಈ ಮಾತ್ರೆ ಇದ್ದರೆ ಡಬ್ಬಿಯ ಮೇಲೆ ವಾರದ ಹೆಸರನ್ನು ಕನ್ನಡದಲ್ಲಿ ದಪ್ಪಗೆ ಬರೆದು ಅಂಟಿಸಿ.

ಸ್ಟೀರಾಯ್ಡ್ ಮಾತ್ರೆ 3 ತಿಂಗಳಿಗೆ ಮೀರಿ ಮುಂದುವರಿಯುವ ಹಾಗಿದ್ದರೆ ಕ್ಯಾಲ್ಸಿಯಂ, ವಿಟಮಿನ್ ಡಿ ಮೊದಲಿನಿಂದಲೇ ಬೇಕು, ಏಕೆಂದರೆ ಮೂಳೆ ಸವೆಯುವುದು ಮೊದಲ ಕೆಲವು ತಿಂಗಳಲ್ಲೇ ಅತಿ ಜೋರು. ಕೊಲೆಸ್ಟರಾಲ್ ಮಾತ್ರೆ ತಿನ್ನುವವರು ಕೋಎನ್‌ಜೈಮ್ ಕ್ಯೂ10 ಕೊಳ್ಳಲೇಬೇಕು ಎನ್ನುವುದಕ್ಕೆ ಗಟ್ಟಿ ಆಧಾರವಿಲ್ಲ, ನಾನು ಬರೆಯುವುದಿಲ್ಲ. ಥೈರಾಕ್ಸಿನ್ ತೆಗೆದುಕೊಳ್ಳುವವರು ಕಬ್ಬಿಣ, ಕ್ಯಾಲ್ಸಿಯಂ ಮಾತ್ರೆಗಳನ್ನು ಅದರಿಂದ 4 ಗಂಟೆ ದೂರ ಇಡಬೇಕು, ಇಲ್ಲದಿದ್ದರೆ ಥೈರಾಕ್ಸಿನ್ನೇ ಮೈಗೆ ಸೇರುವುದಿಲ್ಲ.

ಕೊರತೆಯ ಭಯದಿಂದ ಎಲ್ಲ ಥರದ ವಿಟಮಿನ್ ತಂದು ತುಂಬುವುದೂ ತಪ್ಪು. ವಿಟಮಿನ್ ಡಿ 60,000 ಯೂನಿಟ್ಟಿನ ಪುಡಿಯನ್ನು 8 ವಾರಕ್ಕೆಂದು ಬರೆದುಕೊಟ್ಟರೆ ವರ್ಷಗಟ್ಟಲೆ ಮುಂದುವರಿಸಿ, ರಕ್ತದಲ್ಲಿ ಕ್ಯಾಲ್ಸಿಯಂ ಏರಿ, ವಾಂತಿ, ಗೊಂದಲದಿಂದ ಆಸ್ಪತ್ರೆ ಸೇರಿದವರನ್ನು ನೋಡಿದ್ದೇನೆ. ನರಕ್ಕೆಂದು ಕೊಡುವ ಕೆಲವು ಮಾತ್ರೆಗಳಲ್ಲಿ ಬಿ6 ಬಹಳ ಇರುತ್ತದೆ, ಅದು ದೀರ್ಘಕಾಲ ಹೆಚ್ಚಾದರೆ ತಾನೇ ನರಕ್ಕೆ ಪೆಟ್ಟು. ಈಗ ಅಮ್ಮನಿಗೆ ಸೇರಿಸಿರುವ ನರದ ಮಾತ್ರೆಯಲ್ಲಿ ಏನೇನಿದೆ ಎಂದು ಪಟ್ಟಿಯ ಹಿಂದೆ ಓದಿ. ನರದ ನೋವಿಗೆ ಕೊಡುವ ಪ್ರಿಗ್ಯಾಬಲಿನ್ ಜೊತೆ ಮೀಥೈಲ್‌ಕೋಬಾಲಮಿನ್ ಸೇರಿದ್ದರೆ ಅದೂ ಬಿ12ನ ಒಂದು ರೂಪವೇ. ಪರೀಕ್ಷೆಯ ಸಂಖ್ಯೆ ಓದುವಾಗ ವೈದ್ಯರಿಗೆ ಅದು ಗೊತ್ತಿರಬೇಕು.

ಹೀಗಾಗಿ ಮುಂದಿನ ಸಲ ಹೋಗುವಾಗ ಚೀಟಿಯ ಬದಲು ಮಾತ್ರೆಗಳನ್ನೇ ಒಂದು ಚೀಲಕ್ಕೆ ಹಾಕಿಕೊಂಡು ಹೋಗಿ. ಅಂಗಡಿಯಲ್ಲಿ ಕೇಳಿ ತಂದದ್ದು, ನೆಂಟರು ಕೊಟ್ಟದ್ದು, ಕಷಾಯದ ಪುಡಿ ಎಲ್ಲವೂ ಅದರಲ್ಲಿರಲಿ. ಪ್ರತಿಯೊಂದರ ಮೇಲೆ ಯಾವ ವರ್ಷ ಶುರುವಾಯಿತೆಂದು ಬರೆದಿಡಿ. ಬಿ12, ಸಿಬಿಸಿ, ಫೆರಿಟಿನ್, ಸೋಡಿಯಂ, ಪೊಟ್ಯಾಸಿಯಂ, ಮೆಗ್ನೀಸಿಯಂ, ಕ್ರಿಯಾಟಿನಿನ್, ಥೈರಾಯ್ಡಿನ ಟಿಎಸ್‌ಎಚ್ ಇಷ್ಟು ನೋಡಬಹುದೇ ಎಂದು ಕೇಳಿ. ಬೇಸರ ಮಾಡಿಕೊಳ್ಳುವ ವೈದ್ಯರು ಕಡಿಮೆ. ಮೆಟ್‌ಫಾರ್ಮಿನ್ ಮುಂದುವರಿಯುವಷ್ಟು ಕಾಲ ಬಿ12 ವರ್ಷಕ್ಕೊಮ್ಮೆ ನೋಡುವುದು ನನ್ನ ಪದ್ಧತಿ.

ಬಿ12 ಶುರುವಾದರೆ ಸುಸ್ತು ಕೆಲವು ವಾರದಲ್ಲೇ ತಗ್ಗಬಹುದು, ರಕ್ತ ಎರಡು ತಿಂಗಳ ಹೊತ್ತಿಗೆ ಸುಧಾರಿಸುತ್ತದೆ. ನರ ಬಹಳ ನಿಧಾನ, 6 ತಿಂಗಳು, ಒಂದು ವರ್ಷವೂ ಹಿಡಿಯಬಹುದು. ಮೊದಲ ಕೆಲವು ವಾರ ಕೆಲವರಿಗೆ ಜುಮುಜುಮು ಹೆಚ್ಚಾದಂತೆಯೂ ಅನಿಸುತ್ತದೆ. ಇಂಜೆಕ್ಷನ್ ಆಗಿಬರಲಿಲ್ಲ ಎಂದು ಅಮ್ಮ ಆಗ ನಿಲ್ಲಿಸದಂತೆ ನೋಡಿಕೊಳ್ಳಿ. ಉರಿಯಲ್ಲಿ ಒಂದು ಪಾಲು ನಿಜಕ್ಕೂ ಶುಗರಿನದೇ ಆಗಿದ್ದರೆ ಅಷ್ಟು ಉಳಿಯಬಹುದು, ಅದಕ್ಕೆ ಶುಗರ್ ಹಿಡಿತದಲ್ಲಿಡುವುದೇ ದಾರಿ. ಅಲ್ಲಿಯವರೆಗೆ ಬಚ್ಚಲಿನ ಗೋಡೆಗೆ ಒಂದು ಹಿಡಿ ಹಾಕಿಸಿ. ಸ್ನಾನದ ನೀರಿನ ಬಿಸಿಯನ್ನು ಅಮ್ಮನ ಕಾಲಿಗೆ ಬಿಡದೆ ನೀವು ಕೈಯಿಟ್ಟು ನೋಡಿ. ರಾತ್ರಿ ಮಲಗುವ ಮುಂಚೆ ಅವರ ಅಂಗಾಲನ್ನು, ಬೆರಳ ಸಂದುಗಳನ್ನು ದೀಪದ ಬೆಳಕಿನಲ್ಲಿ ಒಮ್ಮೆ ನೋಡಿ. ಮುಳ್ಳು ಚುಚ್ಚಿದ್ದರೂ ಅವರಿಗೆ ಗೊತ್ತಾಗಿರಲಿಕ್ಕಿಲ್ಲ.